ಟೋಪಿ ಇಟ್ಟ ಕುರ್ಚಿ

ಜಪಾನಿನ ಇಚಿಕಾವಾದಲ್ಲಿ ನಮ್ಮ ಬಾಡಿಗೆ ಮನೆಯ ಕರಾರು ಮುಗಿಯುವುದರಲ್ಲಿತ್ತು. ಮಕ್ಕಳ ಕುಣಿತಕ್ಕೆ ಬೇಸತ್ತಿದ್ದ ಮನೆಯೊಡತಿ ನಕಮುರಾ ಸಾನ್ ಅದನ್ನು ಮುಂದುವರಿಸುವ ಮಾತೇ ಎತ್ತಿರಲಿಲ್ಲ. ಅಂಥವರು ಒಂದು ದಿನ ಬಾಗಿಲು ತಟ್ಟಿ, ಬೆಟ್ಟದ ಮೇಲೆ ನಡೆಯುವ ಕಂಟ್ರಿ ಮ್ಯೂಸಿಕ್ ಉತ್ಸವಕ್ಕೆ ನಮ್ಮನ್ನು ಕರೆದರು. ಅಲ್ಲಿ ಅವರೇ ಹಾಡುತ್ತಾರಂತೆ!

"ಮನೆ ಉಳಿಸ್ಕೊಳ್ಳೋಕೆ ಇದೇ ಚಾನ್ಸ್ ರೀ. ನೀವು ಸುಮ್ನೆ ಕೂತು ಚಪ್ಪಾಳೆ ತಟ್ಟಿ, ಸಾಕು," ಎಂದಳು ಹೆಂಡತಿ ವಿದ್ಯಾ.

ಕೂರುವುದು, ಚಪ್ಪಾಳೆ ತಟ್ಟುವುದು. ಎರಡರಲ್ಲೂ ನಾನು ನಿಪುಣ!

ಬೆಟ್ಟದ ಮೇಲೆ ಮಧ್ಯಾಹ್ನವೇ ಮಂಜು ಕವಿದಿತ್ತು. ಕೌಬಾಯ್ ಟೋಪಿ ಹಾಕಿದ ಅಜ್ಜ ಅಜ್ಜಿಯರು ಸಾಲಾಗಿ ನಿಂತು, ಒಂದು ಮಾತೂ ಆಡದೆ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದರು. ಬೂಟಿನ ಸದ್ದು ಕೇಳುತ್ತಿತ್ತು, ಮೊಣಕಾಲಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇಲ್ಲಿ ಪರೀಕ್ಷಿಸೋಣವೆಂದರೆ ಪಾದಗಳೇ ಇಲ್ಲ!

ವಿದ್ಯಾ ಮಕ್ಕಳನ್ನು ಟಾಯ್ಲೆಟ್ಟಿಗೆ ಕರೆದೊಯ್ದಳು. ನಾನು ವೇದಿಕೆಯ ಮುಂದಿನ ಸಾಲಿಗೆ ನಡೆದೆ. ಅಲ್ಲಿ ಪ್ರತಿ ಖಾಲಿ ಕುರ್ಚಿಯ ಮೇಲೂ ಒಂದೊಂದು ಟೋಪಿ, ಮುಂದೆ ತಟ್ಟೆಯಲ್ಲಿ ಅನ್ನದುಂಡೆ, ಪಕ್ಕದಲ್ಲಿ ಒಂದು ಲೋಟ ಬಿಯರ್. ಇವು ಮಾನ್ಯ ಅತಿಥಿಗಳಿಗೆ ಸಿದ್ಧಪಡಿಸಲಾದ ಆಸನಗಳೆಂದು ತೀರ್ಮಾನಿಸಿ, ನಡುವಿನದನ್ನು ಅಲಂಕರಿಸಿದೆ. ಟೋಪಿ ನನ್ನ ತಲೆಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಬೂಟುಗಳ ಸದ್ದು ನಿಂತಿತು.

ಎಲ್ಲರೂ ನನ್ನತ್ತ ತಿರುಗಿದರು. ಒಬ್ಬ ಮುದುಕರು ಹತ್ತಿರ ಬಂದು, ತುಂಬಿದ ಕಣ್ಣಲ್ಲಿ ಸೊಂಟದವರೆಗೆ ಬಾಗಿದರು. ನಾನೂ ಬಾಗಿ "ಅರಿಗಾತೋ" ಎಂದು ಧನ್ಯವಾದ ಹೇಳಿದೆ. ಅವರು ಬಿಳಿಚಿಕೊಂಡು ಹಿಂದೆ ಸರಿದರು. ವೇದಿಕೆಯಲ್ಲಿ ನಕಮುರಾ ಸಾನ್ ಗಿಟಾರ್ ಹಿಡಿದು, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತ ಹಾಡತೊಡಗಿದರು. ಪಕ್ಕದ ಕುರ್ಚಿಗಳಿಗೆ ಇನ್ನೂ ಯಾರೂ ಬಂದಿರಲಿಲ್ಲ. ಹೆದರಿದರೆ ನನಗೆ ಹಸಿವಾಗುತ್ತದೆ. ತಟ್ಟೆ, ಲೋಟ ಎರಡನ್ನೂ ಖಾಲಿ ಮಾಡಿದೆ.

ಅಷ್ಟರಲ್ಲಿ ವಿದ್ಯಾ ಓಡಿ ಬಂದಳು.

"ಅಯ್ಯೋ, ಏಳ್ರೀ! ಅಲ್ಲಿ ಬೋರ್ಡ್ ಹಾಕಿದಾರೆ, ಇವೆಲ್ಲಾ ತೀರಿಹೋದ ಮೆಂಬರ್ಸ್ ಸೀಟಂತೆ! ಇದು ನಕಮುರಾ ಸಾನ್ ಯಜಮಾನ್ರದ್ದು!"

"ಮತ್ತೆ ಈ ಊಟ?"

"ಎಡೆ ಕಣ್ರೀ ಅದು, ಎಡೆ!"

ಪಿತೃಪಕ್ಷದಲ್ಲಿ ಎಡೆಗಿಟ್ಟ ವಡೆ ಎತ್ತಿದ್ದಕ್ಕೆ ಚಿಕ್ಕಂದಿನಲ್ಲಿ ಬೆನ್ನಿಗೆ ಗುದ್ದು ತಿಂದವನು ನಾನು. ಈಗ ಪರದೇಶದ ಪಿತೃಗಳನ್ನೂ ಬಿಡಲಿಲ್ಲ, ಬಿಯರ್ ಸಮೇತ ಮುಗಿಸಿದ್ದೆ!

ಹಾಡು ಮುಗಿಸಿ ನಕಮುರಾ ಸಾನ್ ಇಳಿದು ಬಂದರು. ಮನೆ ಕೈತಪ್ಪಿತು ಎಂದುಕೊಂಡು ಏಳಹೊರಟೆ. ಹೆಗಲ ಮೇಲೆ ತಣ್ಣನೆಯ ಕೈ ಬಿತ್ತು. ಅವರು ಮೆಲ್ಲಗೆ ಹೇಳಿದ್ದನ್ನು ವಿದ್ಯಾ ನನಗೆ ಕನ್ನಡದಲ್ಲಿ ತಿಳಿಸಿದಳು:

"ಅವರ ಯಜಮಾನ್ರೂ ಹಾಡು ಮುಗಿಯೋಕೆ ಮುಂಚೇನೇ ತಿಂದು ಮುಗಿಸ್ತಿದ್ರಂತೆ. ಅವರು ಹೋದ್ಮೇಲೆ ಈ ತಟ್ಟೆ ಖಾಲಿ ಆಗಿದ್ದು ಇವತ್ತೇ ಅಂತೆ. ಏಳ್ಬೇಡಿ, ಕೂತಿರಿ ಅಂತಿದಾರೆ."

ತೀರಿಹೋದವರ ಸಾಲಿನಲ್ಲಿ, ಕೊನೆಯ ಹಾಡಿನವರೆಗೂ ಅಲುಗಾಡದೆ ಕುಳಿತೆ.

ಕರಾರು ಮುಂದುವರಿಯಿತು. ಹೊಸ ಕರಾರುಪತ್ರದ ಜೊತೆಗೆ ಮನೆಯೊಡತಿ ಉತ್ಸವದ ಫೋಟೊ ಒಂದನ್ನೂ ಕೊಟ್ಟರು. ಅದರಲ್ಲಿ ನಕಮುರಾ ಸಾನ್ ನನ್ನ ಕುರ್ಚಿಯ ಬೆನ್ನು ಹಿಡಿದು ನಗುತ್ತಿದ್ದಾರೆ. ಕುರ್ಚಿಯಲ್ಲಿ ಬರೀ ಮಂಜು, ಮಂಜಿನ ಮೇಲೆ ಟೋಪಿ. ನಾನೇ ಇಲ್ಲ!

ಬೆವರುತ್ತ ವಿದ್ಯಾಗೆ ತೋರಿಸಿದೆ. ಪಾತ್ರೆ ತೊಳೆಯುತ್ತಿದ್ದವಳು ಒಮ್ಮೆ ಇಣುಕಿದಳು.

"ಇದ್ರಲ್ಲೇನ್ರೀ ವಿಶೇಷ? ಮನೇಲೂ ಹೀಗೇ ಅಲ್ವಾ? ನೀವು ಕಾಣ್ಸಲ್ಲ, ನಿಮ್ಮ ಖಾಲಿ ತಟ್ಟೆ ಮಾತ್ರ ಕಾಣ್ಸತ್ತೆ!"