ಅತ್ತೆಯ ಗದ್ದಕ್ಕೊಂದು ಬೆಳಕಿನ ಮೀಟರು

"ಅತ್ತೆಯವರ ಕಣ್ಣನ್ನ ನಾನು ತೆರೆಸ್ತೀನಿ, ನೋಡ್ತಿರು," ಎಂದು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದರು.

"ಅವರು ನಿಮ್ಮ ಕಣ್ಣು ತೆರೆಸದಿದ್ರೆ ಸಾಕು. ಆ ನೀರಿನ ಜಗ್ಗು ಈ ಕಡೆ ಕೊಡಿ," ಎಂದಳು ಹೆಂಡತಿ.

ವಿಷಯ ಹೀಗಿತ್ತು. ಇನ್ಸ್‌ಪೆಕ್ಟರ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಂದು ಹೈಸ್ಕೂಲಿನಲ್ಲಿ ಬಹುಕಾಲ ಹೆಡ್‌ಮಿಸ್ ಆಗಿದ್ದವರು. ಅವರ ಕಾಲದಲ್ಲಿ ತರಗತಿಯಲ್ಲಿ ತೂಕಡಿಸುವ ಧೈರ್ಯ ಮಕ್ಕಳಿಗಿರಲಿ, ಮೇಷ್ಟ್ರುಗಳಿಗೂ ಇರಲಿಲ್ಲ. ಆದರೆ ವಿಧಿಯ ಆಟ ನೋಡಿ, ಫ್ಲ್ಯಾಶು ಫಳಕ್ಕೆಂದರೆ ಅವರ ಕಣ್ಣು ಪಟಕ್ಕೆಂದು ಮುಚ್ಚುತ್ತಿತ್ತು. ಶಾಲೆಯ ಸಭಾಂಗಣದ ಗೋಡೆಯ ಫೋಟೋಗಳಲ್ಲಿ ಹಿಂದಿನ ಮುಖ್ಯೋಪಾಧ್ಯಾಯರೆಲ್ಲ ಸಾಲಾಗಿ ಕಣ್ಣರಳಿಸಿಕೊಂಡಿದ್ದರೆ ಇವರೊಬ್ಬರು ಮಾತ್ರ ಗಾಢನಿದ್ರೆಯಲ್ಲಿದ್ದರು. ಇವರನ್ನು ಕಣ್ಣಾರೆ ಕಾಣದ ಈಗಿನ ಮಕ್ಕಳು 'ನಿದ್ದೆ ಮಿಸ್' ಎಂದು ಹೆಸರಿಟ್ಟಿರುವ ಸುದ್ದಿ ಹೇಗೋ ಅವರ ಕಿವಿಗೆ ಬಿತ್ತು. ಅವರು ಯಾರೊಡನೆಯೂ ಆ ಮಾತೆತ್ತಲಿಲ್ಲ. ಮಂಡಿನೋವೆಂದು ಹೇಳಿ ಶಾಲೆಯ ಸಮಾರಂಭಗಳಿಗೆ ಹೋಗುವುದನ್ನು ನಿಲ್ಲಿಸಿದರು, ಅಷ್ಟೆ. ಮಂಡಿಗೆ ಏನೂ ಆಗಿಲ್ಲವೆಂಬುದು ಮಗಳಿಗೆ ಗೊತ್ತಿತ್ತು.

ಈಗ ಸಭಾಂಗಣಕ್ಕೆ ಹೊಸ ಬಣ್ಣ ಬಳಿಯುತ್ತಿದ್ದರು. ಬೇರೆ ಚಿತ್ರ ಕೊಟ್ಟರೆ ಹಳೆಯದನ್ನು ಇಳಿಸುತ್ತೇವೆಂದು ಶಾಲೆಯಿಂದ ಫೋನ್ ಬಂದಿತ್ತು.

ಇನ್ಸ್‌ಪೆಕ್ಟರಿಗೆ ಛಾಯಾಗ್ರಹಣದ ಹುಚ್ಚು ಹಳೆಯದು. ಹುಚ್ಚಿನಷ್ಟು ಕೈಗುಣ ಇರಲಿಲ್ಲ. ಅವರು ತೆಗೆದ ಮುಖಗಳಲ್ಲಿ ಅರ್ಧ ಸುಣ್ಣ ಬಳಿದಂತೆ ಇರುತ್ತಿದ್ದವು, ಉಳಿದರ್ಧ ಒಲೆಯೊಳಗಿನಿಂದ ಇಣುಕಿದಂತೆ. ಸರಿಯಾದ ಬೆಳಕು ಸಿಗುವಷ್ಟರಲ್ಲಿ ಕೂತವರು ಎದ್ದು ಹೋಗಿರುತ್ತಿದ್ದರು. ಊರಿನ ತಕ್ಕಡಿಗಳನ್ನೆಲ್ಲ ಹದ್ದುಬಸ್ತಿನಲ್ಲಿಟ್ಟ ತಾನು ಇಷ್ಟು ದಿನ ಬೆಳಕನ್ನು ಅಳೆಯದೆ ಬಿಟ್ಟದ್ದೇ ತಪ್ಪು ಎಂದು ಅವರಿಗೆ ಹೊಳೆಯಿತು. ಕೈಯಲ್ಲಿ ಹಿಡಿಯುವ ಬೆಳಕಿನ ಮೀಟರ್ ಒಂದಿದ್ದರೆ ಒಂದೇ ಅಳತೆ, ಒಂದೇ ಕ್ಲಿಕ್ಕು. ಅತ್ತೆಗೆ ಕಣ್ಣು ಮುಚ್ಚಲು ಪುರುಸೊತ್ತೇ ಸಿಗುವುದಿಲ್ಲ.

"ಕತ್ತಲಾದ್ರೆ ದೀಪ ಹಾಕೋದು, ಬೆಳಕಾದ್ರೆ ಆರಿಸೋದು. ಅದಕ್ಕೂ ಮೀಟರಾ?" ಎಂದಳು ಹೆಂಡತಿ. ಅವಳು ಹೊಲಿಗೆ ಕಲಿಸುವ ಟೀಚರು.

"ನಿನಗೆ ಅಳತೆಯ ಬೆಲೆ ಗೊತ್ತಿಲ್ಲ."

"ದಿನಾ ಅಳತೆ ತಗೊಳ್ಳೋಳು ನಾನು. ಆದ್ರೆ ತಗೊಂಡ ಮೇಲೆ ಬಟ್ಟೆನೂ ಹೊಲೀತೀನಿ."

ಈ ಮಾತು ಕೇಳಿಸಲಿಲ್ಲವೆಂದು ತೀರ್ಮಾನಿಸಿ ಇನ್ಸ್‌ಪೆಕ್ಟರು ಕ್ಯಾಮೆರಾ ಅಂಗಡಿಗೆ ಹೊರಟರು.

ಮೊದಲು ಅವರ ಮನಸ್ಸು ಕದ್ದದ್ದು ಒಂದು ಹಳೆಯ ಮೀಟರು. ಚರ್ಮದ ಚೀಲ, ಹಿತ್ತಾಳೆಯ ಅಂಚು, ಗಾಜಿನೊಳಗೆ ತೆಳುವಾದ ಮುಳ್ಳು. ತಕ್ಕಡಿಯ ಮುಳ್ಳನ್ನೇ ನೋಡಿ ನರೆತ ಜೀವಕ್ಕೆ ಇನ್ನೇನು ಬೇಕು? ಅಂಗಡಿಯವರು ಏನೋ ಹೇಳಲು ಬಾಯಿ ತೆರೆದರು. "ಮುಳ್ಳಿನ ವಿಷಯ ನನಗೆ ಹೇಳಬೇಡಿ," ಎಂದು ಇವರು ಕೊಂಡೇ ತಂದರು. ಕಿಟಕಿಯ ಬೆಳಕಿಗೆ ಅದು ರಾಜಗಾಂಭೀರ್ಯದಿಂದ ಅಲ್ಲಾಡಿತು. ಫ್ಲ್ಯಾಶಿಗೆ ಮಾತ್ರ ಮಿಸುಕಲಿಲ್ಲ. ಮುಳ್ಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಫ್ಲ್ಯಾಶು ಬಂದು, ಕೆಲಸ ಮುಗಿಸಿ, ಮನೆ ಸೇರಿರುತ್ತಿತ್ತು.

"ಫ್ಲ್ಯಾಶಿಗೆ ಬೇಕು ಅಂತ ನೀವು ಹೇಳ್ಲಿಲ್ಲ," ಎಂದರು ಅಂಗಡಿಯವರು.

"ನೀವು ಕೇಳ್ಲಿಲ್ಲ."

"ಕೇಳೋಕೆ ನೀವು ಬಿಡ್ಲಿಲ್ಲ."

ಒಳ್ಳೆಯ ಮನುಷ್ಯ, ಬದಲಿಸಿಕೊಟ್ಟರು. ಎರಡನೆಯದನ್ನೂ ಇನ್ಸ್‌ಪೆಕ್ಟರೇ ಆರಿಸಿದರು. ಅದು ಫ್ಲ್ಯಾಶನ್ನೂ ಅಳೆಯುತ್ತಿತ್ತು, ಹಿಡಿಯುವುದು ಪಿಸ್ತೂಲಿನಂತೆ. ದೂರದಿಂದಲೇ ಒಂದು ಕಣ್ಣು ಮುಚ್ಚಿ ಗುರಿಯಿಟ್ಟರೆ, ಎದುರಿನವರ ಮೂಗಿನ ತುದಿಯಿಂದ ಎಷ್ಟು ಬೆಳಕು ವಾಪಸು ಬರುತ್ತಿದೆಯೆಂದು ಲೆಕ್ಕ ಕೊಡುತ್ತಿತ್ತು. ಮಾರನೆಯ ಬೆಳಿಗ್ಗೆ ಅಭ್ಯಾಸಕ್ಕೆಂದು ಕಿಟಕಿಯಲ್ಲಿ ನಿಂತು ಗುರಿಯಿಟ್ಟರು. ಎದುರು ಮನೆಯ ಬಾಲ್ಕನಿಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು ಗಡ್ಡ ಹೆರೆದುಕೊಳ್ಳುತ್ತಿದ್ದರು. ಅವರ ನೊರೆಯ ಕೆನ್ನೆ ಒಂದು ಲೆಕ್ಕ ಕೊಟ್ಟಿತು, ಬರೀ ಕೆನ್ನೆ ಇನ್ನೊಂದು. ಯಾವುದನ್ನು ನಂಬುವುದೆಂದು ಇವರು ಯೋಚಿಸುತ್ತಿರುವಾಗ ಪೋಸ್ಟ್‌ಮಾಸ್ಟರು ತಲೆಯೆತ್ತಿ ನೋಡಿದರು. ರೇಜರ್ ಕೆಳಕ್ಕೆ ಬಿತ್ತು. ಎರಡೂ ಕೈ ಮೇಲೆತ್ತಿಕೊಂಡು, ಅರ್ಧ ಗಡ್ಡದಲ್ಲೇ ಅವರು ಹಿಮ್ಮುಖವಾಗಿ ಒಳಗೆ ಸರಿದರು.

ಹೆಂಡತಿ ಹೋಗಿ ಸಮಾಧಾನ ಹೇಳಿ ಬರಬೇಕಾಯಿತು. "ಅಳೀತಿದ್ರು ಅಷ್ಟೆ ಅಂದೆ. 'ಶವಪೆಟ್ಟಿಗೆಗಾ?' ಅಂತ ಕೇಳಿದ್ರು," ಎಂದಳು ವಾಪಸು ಬಂದು. "ಇವತ್ತೇ ಅದನ್ನ ಕೊಟ್ಟು ಬನ್ನಿ. ಈ ಸಲ ಅಂಗಡಿಯವರಿಗೂ ಸ್ವಲ್ಪ ಮಾತಾಡೋಕೆ ಬಿಡಿ."

ಅಂಗಡಿಯವರು ಮಾತಾಡಿದರು. ಮುಖಕ್ಕೆ ಬಡಿದು ಬರುವ ಬೆಳಕಿಗಿಂತ ಮುಖದ ಮೇಲೆ ಬೀಳುವ ಬೆಳಕನ್ನು ಅಳೆದರೆ ಕೂದಲು ಬಿಳುಪೇ, ಬಟ್ಟೆ ಕಪ್ಪೇ ಎಂಬ ಗೊಂದಲವಿರುವುದಿಲ್ಲ ಎಂದರು. ನೆತ್ತಿಯ ಮೇಲೆ ಬಿಳಿ ಗುಮ್ಮಟವಿರುವ ಪುಟ್ಟ ಮೀಟರೊಂದನ್ನು ಕೈಗಿತ್ತರು. ಗದ್ದದ ಕೆಳಗೆ ಹಿಡಿದು, ಗುಮ್ಮಟವನ್ನು ಕ್ಯಾಮೆರಾದ ಕಡೆ ತಿರುಗಿಸಿ ಫ್ಲ್ಯಾಶು ಹೊಡೆದರೆ ಆಯಿತು, ಅಂಕಿ ಬರುತ್ತದೆ. ಇನ್ಸ್‌ಪೆಕ್ಟರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಇದು ತನ್ನದೇ ಆಯ್ಕೆ ಎಂದು ಮನೆ ತಲುಪುವಷ್ಟರಲ್ಲಿ ಅವರಿಗೆ ಮನವರಿಕೆಯಾಗಿತ್ತು.

ರಜೆಯ ದಿನ ಮಧ್ಯಾಹ್ನ ಅತ್ತೆ ಬಂದರು. ಕಪ್ಪು ಸ್ವೆಟರು ಹಾಕಿ, ಬಿಳಿ ಕೂದಲನ್ನು ನೀಟಾಗಿ ಬಾಚಿಕೊಂಡಿದ್ದರು. ನಡುಮನೆಯಲ್ಲಿ ಫ್ಲ್ಯಾಶಿನ ಸ್ಟ್ಯಾಂಡಿಗೆ ಬಿಳಿ ಛತ್ರಿ ಕಟ್ಟಿತ್ತು.

"ಮನೆಯೊಳಗೆ ಛತ್ರಿ ಯಾಕಪ್ಪ, ಸೂರು ಸೋರ್ತಿದೆಯಾ?"

"ಬೆಳಕು ಮೆತ್ತಗೆ ಬೀಳ್ಲಿ ಅಂತ, ಅತ್ತೆ." ಆಮೇಲೆ ಹೆಂಡತಿಗೆ ಅಪ್ಪಣೆಯಾಯಿತು. "ನೀನು ಕ್ಯಾಮೆರಾದ ಹಿಂದೆ ನಿಂತ್ಕೊ. ನಾನು ಹೂಂ ಅಂದಾಗ ಗುಂಡಿ ಒತ್ತು, ಫ್ಲ್ಯಾಶ್ ಹೊಡೆಯತ್ತೆ. ಅದು ಬರೀ ಅಳತೆಗೆ. ನಿಜವಾದ ಫೋಟೋ ನಾನು ತೆಗೀತೀನಿ."

ಗದ್ದದ ಕೆಳಗೆ ಗುಮ್ಮಟ ಬಂತು.

"ಜ್ವರ ನೋಡ್ತೀಯಾ?"

"ಅಲ್ಲ ಅತ್ತೆ, ಬೆಳಕು. ಹೂಂ." ಫಳ್. ಇನ್ಸ್‌ಪೆಕ್ಟರು ಅಂಕಿಯನ್ನೇ ನೋಡಿದರು. "ಎಂಟು ಬಂತು."

"ನೂರಕ್ಕಾ?"

"ನೂರಕ್ಕಲ್ಲ, ಅದು ಕ್ಯಾಮೆರಾದ ಲೆಕ್ಕ."

"ನೂರಕ್ಕಾಗಿದ್ರೆ ಫೇಲು," ಎಂದು ಅತ್ತೆ ಕಣ್ಣರಳಿಸಿ ನಕ್ಕರು.

ಕ್ಯಾಮೆರಾವನ್ನು ಎಂಟಕ್ಕೆ ಹೊಂದಿಸಿ ಇನ್ಸ್‌ಪೆಕ್ಟರು ಅದರ ಹಿಂದೆ ನಿಂತರು. "ರೆಡಿ ಅತ್ತೆ." ಅತ್ತೆಯ ಬೆನ್ನು ನೆಟ್ಟಗಾಯಿತು, ತುಟಿ ಬಿಗಿಯಿತು. ಫಳ್. ಕಣ್ಣು ಮುಚ್ಚಿತ್ತು. ಇನ್ನೊಮ್ಮೆ. ಮುಚ್ಚಿತ್ತು. ಬೆಳಕಿನದೇ ದೋಷವೆಂದು ಮತ್ತೆ ಗದ್ದಕ್ಕೆ ಮೀಟರು ಹಿಡಿದರು, ಹೆಂಡತಿ ಗುಂಡಿ ಒತ್ತಿದಳು, ಅದೇ ಎಂಟು. ಅತ್ತೆ ಗುಮ್ಮಟವನ್ನು ನೋಡುತ್ತ, "ಇದು ಹೇಳೋದೂ ಒಂದೇ ಪಾಠ, ನಮ್ಮ ಹಳೇ ಮೇಷ್ಟ್ರ ಹಾಗೆ," ಎಂದರು. ಮತ್ತೆ ರೆಡಿ, ಮತ್ತೆ ಫಳ್, ಮತ್ತೆ ನಿದ್ದೆ. ಹೀಗೇ ಚಹಾದ ಹೊತ್ತಾಯಿತು.

ಕೊನೆಗೆ ಅತ್ತೆ ಕುರ್ಚಿಯ ಕೈ ಹಿಡಿದು ಎದ್ದರು. "ಬಿಡಪ್ಪ, ನಿನ್ನ ತಪ್ಪಲ್ಲ. ಗೋಡೆ ಮೇಲೆ ಮಲಗಿಕೊಂಡೇ ಇರ್ತೀನಿ. ಯಾರಿಗೇನು ನಷ್ಟ?" ಎಂದು ಒಳಕೋಣೆಗೆ ನಡೆದರು. ಮಂಡಿ ನೆಟ್ಟಗೇ ಇತ್ತು, ಆದರೂ ನಡಿಗೆ ನಿಧಾನವಾಗಿತ್ತು.

ಇನ್ಸ್‌ಪೆಕ್ಟರು ಛತ್ರಿಯ ಕೆಳಗೆ ಕುಸಿದು ಕೂತರು. ಬೆಳಕು ಒಂದು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಇಷ್ಟು ಸರಿಯಾದ ಅಳತೆಯಲ್ಲಿ ಇಷ್ಟು ಪೂರ್ತಿಯಾಗಿ ಅವರು ಎಂದೂ ಸೋತಿರಲಿಲ್ಲ.

ಹೆಂಡತಿ ಕ್ಯಾಮೆರಾದ ಪರದೆಯಲ್ಲಿ ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತಿದ್ದಳು. "ರೀ, ಇದರಲ್ಲಿ ಅಮ್ಮ ಕಣ್ಣು ಬಿಟ್ಟಿದಾಳೆ."

"ಅದು ಅಳತೆಗೆ ಹೊಡೆದದ್ದು. ಅಳಿಸಿಹಾಕು."

"ಇದರಲ್ಲೂ ಬಿಟ್ಟಿದಾಳೆ. ಇದರಲ್ಲಂತೂ ನಗ್ತಿದಾಳೆ."

ಇನ್ಸ್‌ಪೆಕ್ಟರು ಎದ್ದು ಬಂದು ನೋಡಿದರು. ಗದ್ದದ ಕೆಳಗೆ ಮೀಟರು ಇದ್ದಾಗಲೆಲ್ಲ, ಇದು ಫೋಟೋ ಅಲ್ಲವೆಂದು ಅತ್ತೆ ನಿರಾಳವಾಗಿ ಕಣ್ಣು ಬಿಟ್ಟಿದ್ದರು. ಕಡೆಯ ಚಿತ್ರದಲ್ಲಿ ಬೆಳ್ಳಿ ಕೂದಲಿನ ಎಳೆ ಎಳೆಯೂ ಕಾಣುತ್ತಿತ್ತು. ತುಂಟ ವಿದ್ಯಾರ್ಥಿಯನ್ನು ಕ್ಷಮಿಸಲು ಆಗಲೇ ನಿರ್ಧರಿಸಿದ ಹೆಡ್‌ಮಿಸ್ಸಿನ ಕಣ್ಣುಗಳು ಅವು. ಅಷ್ಟು ಹೊತ್ತು ಪಕ್ಕದಲ್ಲೇ ಮಂಡಿಯೂರಿದ್ದರೂ ಇವರು ಅವನ್ನು ನೋಡಿರಲಿಲ್ಲ. ಚಿತ್ರದ ಬಲಬದಿಯಿಂದ ಮೊಣಕೈವರೆಗಿನ ಅವರದೇ ಕೈ ಚಾಚಿಕೊಂಡಿತ್ತು, ಅದರ ತುದಿಯಲ್ಲಿ ಬಿಳಿ ಗುಮ್ಮಟ.

ಕೈಯನ್ನು ಕತ್ತರಿಸಿ ನೋಡಿದರು. ಗದ್ದವೂ ಹೋಯಿತು. ಅಷ್ಟರಲ್ಲಿ ಅತ್ತೆ ಚಹಾದ ಲೋಟ ಹಿಡಿದು ಬಂದು ಬಗ್ಗಿ ನೋಡಿದರು. ಲೋಟದ ಚಹಾ ಆರುವವರೆಗೂ ನೋಡಿದರು.

"ಇದನ್ನೇ ಕೊಡಿ."

"ಅತ್ತೆ, ನನ್ನ ಕೈ ಅಡ್ಡ ಬಂದಿದೆ."

"ಕೈ ಬಂದ್ರೆ ಬರ್ಲಿ. ಕಣ್ಣು ಬಂದಿದೆಯಲ್ಲ."

ಹೊಸ ಬಣ್ಣದ ಸಭಾಂಗಣ ತೆರೆದ ದಿನ ಅತ್ತೆ ಎಲ್ಲರಿಗಿಂತ ಮೊದಲು ಹೊರಟು ನಿಂತಿದ್ದರು. ಗೋಡೆಯ ಸಾಲಿನಲ್ಲಿ ಅವರ ಚಿತ್ರವೇ ಎಲ್ಲಕ್ಕಿಂತ ಜೀವಂತವಾಗಿತ್ತು. ಚೌಕಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಚಿತ್ರ: ಮಗಳು' ಎಂದು ಬರೆಸಿದ್ದರು. ಗುಂಡಿ ಒತ್ತಿದವಳು ಅವಳೇ ಆದ್ದರಿಂದ ಇನ್ಸ್‌ಪೆಕ್ಟರಿಗೆ ತಕರಾರು ಮಾಡಲು ದಾರಿಯಿರಲಿಲ್ಲ. ಮಕ್ಕಳೆಲ್ಲ ಮುತ್ತಿಕೊಂಡರು. ಎರಡು ಜಡೆಯ ಹುಡುಗಿಯೊಬ್ಬಳು ಚಿತ್ರದತ್ತ ಬೆರಳು ಮಾಡಿ ಕೇಳಿದಳು, "ಮಿಸ್, ಆ ಕೈ ಯಾರದು?"

ಇನ್ಸ್‌ಪೆಕ್ಟರು ಕಾಲರು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ಅದಾ? ನಮ್ಮ ಅಳಿಯಂದು," ಎಂದರು ಅತ್ತೆ, ಇಡೀ ಸಭಾಂಗಣಕ್ಕೆ ಕೇಳುವ ಹಳೆಯ ಹೆಡ್‌ಮಿಸ್ ದನಿಯಲ್ಲಿ. "ಒಳ್ಳೆ ಫೋಟೋ ಅಂತ ಎಲ್ಲರೂ ಮಗಳನ್ನ ಹೊಗಳ್ತಾರೆ. ಆದ್ರೆ ಇದರಲ್ಲಿ ಅವನ ಕೈವಾಡಾನೂ ಇದೆ."

ಇನ್ಸ್‌ಪೆಕ್ಟರು ಮೆಲ್ಲಗೆ ಎರಡೂ ಕೈಗಳನ್ನು ಜೇಬಿಗೆ ಸೇರಿಸಿದರು.