ಹಗುರ ಸ್ಪ್ರಿಂಗಿನ ಆಸೆ

ಒಡಹುಟ್ಟಿದವನ ಮೇಲೆ ಹಗೆ ಸಾಧಿಸಲಿಕ್ಕೂ ಬೆರಳಿನಲ್ಲಿ ಕಸುವು ಬೇಕು ಸ್ವಾಮಿ. ನನ್ನ ತೋರುಬೆರಳು ಅನ್ನ ಕಲಸಲಿಕ್ಕೇ ಮುಲುಕುತ್ತದೆ, ರಿವಾಲ್ವಾರಿನ ಟ್ರಿಗರ್ ಏನು ಎಳೆದೀತು! ತಂಬ್ರಹಳ್ಳಿಯ ನಮ್ಮ ಮನೆ ಪಾಲಾಗಿ ನಡುವೆ ಗೋಡೆ ಎದ್ದ ಮೇಲೆ ಆಚೆಯ ಅಣ್ಣ ಲೈಸೆನ್ಸ್ ಮಾಡಿಸಿ ರಿವಾಲ್ವಾರ್ ತಂದ. ಹೊಲದಲ್ಲಿ ಹಂದಿ ಕಾಟ ಅಂತೆ. ರಿವಾಲ್ವಾರಿನಿಂದ ಹಂದಿ ಹೊಡೆದವರನ್ನು ನೀವು ಕಂಡಿದ್ದೀರಾ? ಹಂದಿ ಯಾರೆಂದು ನನಗೆ ಗೊತ್ತಾಯಿತು. ನಾನೂ ಲೈಸೆನ್ಸ್ ಮಾಡಿಸಿ ಒಂದು ಕೊಂಡು ತಂದೆ. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡದ್ದು ಬಿಟ್ಟರೆ ಅದು ಇವತ್ತಿನವರೆಗೆ ಮಾಡಿದ ಕೆಲಸವಿಲ್ಲ.

ಮೊನ್ನೆ ಸಂಜೆ ಗೋಡೆಯಾಚೆ ಢಂ ಎಂದಿತು. ಅಣ್ಣ ಕೈ ಪಳಗಿಸುತ್ತಿದ್ದಾನೆ! ನಾನೂ ಖಾಲಿ ರಿವಾಲ್ವಾರ್ ಹಿಡಿದು ನೋಡಿದೆ. ಎರಡು ಕೈ ಹಚ್ಚಿದರೂ ಟ್ರಿಗರ್ ಜಪ್ಪಯ್ಯ ಅನ್ನಲಿಲ್ಲ. ಒಳಗಿನ ಸ್ಪ್ರಿಂಗ್ ಬದಲಿಸಿ ಮೆತ್ತನೆಯದು ಹಾಕಿಸಿದರೆ ಹಗುರಾಗುತ್ತದೆಂದು ಯಾರೋ ಹೇಳಿದರು. ಹೆಂಡತಿ ಮಾತ್ರ, ‘ಬೆರಳಿಗೆ ಎಣ್ಣಿ ಹಚ್ಕೋರಿ, ಸಾಕು’ ಅಂದಳು.

ಅಷ್ಟರಲ್ಲಿ ಚುನಾವಣೆ ಬಂತು. ಆಗೆಲ್ಲ ಲೈಸೆನ್ಸಿನವರು ಆಯುಧವನ್ನು ಠಾಣೆಗೆ ಒಪ್ಪಿಸಬೇಕು. ಅಲ್ಲಿನ ಬೆಂಚಿನ ಒಂದು ತುದಿಗೆ ಅಣ್ಣ, ಇನ್ನೊಂದು ತುದಿಗೆ ನಾನು. ಪ್ರತಿ ಸಲವೂ ಹೀಗೇ, ಮಾತಿಲ್ಲ ಕತೆಯಿಲ್ಲ. ಅವನಿಗೆ ಕೇಳಲೆಂದೇ ನಾನು ಗಟ್ಟಿಯಾಗಿ, ‘ಹವಾಲ್ದಾರ್ರ, ಇದಕ್ಕ ಹಗುರ ಸ್ಪ್ರಿಂಗ್ ಎಲ್ಲಿ ಹಾಕ್ತಾರ್ರಿ?’ ಎಂದೆ.

ಅಣ್ಣ ಗೋಡೆ ನೋಡುತ್ತಲೇ ಬಾಯಿಬಿಟ್ಟ. ‘ಹಾಕಿಸಬ್ಯಾಡಂತ ಹೇಳ್ರಿ ಅವಗ. ನಾ ಹಾಕಿಸಿ ಕೆಟ್ಟೀನಿ. ಮೊನ್ನೆ ಒರಸುವಾಗ ಬೆರಳು ತಾಗಿದ್ದಕ್ಕ ಹಾರಿ, ದೇವರ ಮನಿ ಬಾಗಿಲಕ್ಕ ತೂತು ಬಿದ್ದೈತಿ. ಮೊದಲೇ ಅವನ ಕೈ ನಡಗತೈತಿ.’

ನನ್ನ ಕೈ ನಡುಗುವುದನ್ನು ಇವನು ಯಾವಾಗ ನೋಡಿದ? ಅವನ ಅಂಗೈಗೆ ಬಟ್ಟೆ ಸುತ್ತಿದ್ದು ಆಗ ಕಣ್ಣಿಗೆ ಬಿತ್ತು. ಕೇಳಬೇಕಾದ ಮಾತು ತುಟಿಯವರೆಗೆ ಬಂತು. ಹೊರಬಿದ್ದದ್ದು ಮಾತ್ರ ಬೇರೆ: ‘ಆ ಬಾಗಿಲಾ ನಮ್ಮಪ್ಪ ಮಾಡಿಸಿದ್ದು. ಅದರಾಗ ನಂದೂ ಪಾಲೈತಂತ ಹೇಳ್ರಿ.’

‘ಆತಂತ ಹೇಳ್ರಿ ಅವಗ’ ಎಂದ ಅಣ್ಣ, ಬಟ್ಟೆ ಸುತ್ತಿದ ಕೈಯನ್ನು ಜೇಬಿಗಿಳಿಸಿ ಎದ್ದುಹೋದ. ಹವಾಲ್ದಾರರು ನನ್ನ ಮುಖ ನೋಡಿದರು.

ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಭಾವಾರಿಗೆ ಬಾಳ ಪೆಟ್ಟಾಗೇತೇನ್ರಿ?’ ಎಂದಳು.

ನಾನು ವಿಚಾರಿಸಿ ಬಂದದ್ದು ಬಾಗಿಲಿನ ಯೋಗಕ್ಷೇಮ.