ಮಾವನಿಗೆ ಬಾರದ ವಿದ್ಯೆಗಳ ಪಟ್ಟಿ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಆದ್ದರಿಂದ ಈ ಬರಹದಲ್ಲಿ ತಪ್ಪುಗಳಿದ್ದರೆ ಅವು ನನ್ನವೇ ಹೊರತು ವಿಶ್ವವಿದ್ಯಾಲಯದವಲ್ಲ, ಓದುಗರು ಕ್ಷಮಿಸಬೇಕು.

ನನ್ನ ಸೋದರಮಾವ ಮನುಷ್ಯರ ಮುಖವನ್ನು ನೋಡಿದವರೇ ಅಲ್ಲ! ಕುವೈತಿನ ಜಾಬ್ರಿಯಾದಲ್ಲಿ, ಕೈಯಿಂದಲೇ ಬೆನ್ನುಮೂಳೆ ಸರಿಪಡಿಸುವ ಕೈರೋಪ್ರಾಕ್ಟಿಕ್ ಚಿಕಿತ್ಸಾಲಯವೊಂದರಲ್ಲಿ ಅವರು ಸಹಾಯಕರು. ಹನ್ನೆರಡು ವರ್ಷ ಹಾಸಿಗೆಯ ಬಟ್ಟೆ ಮಡಚುತ್ತಲೇ ವಿದ್ಯೆಯನ್ನು ಕಣ್ಣಿನಿಂದ ಕಲಿತವರು. ಹೆಣ್ಣು ನೋಡಲು ಬಂದ ವರನನ್ನು ಹಿಂದಿನಿಂದ ಪರೀಕ್ಷಿಸಿ, "ಹುಡುಗ ಒಳ್ಳೆಯವ, ಎಡಭುಜ ಸ್ವಲ್ಪ ಇಳಿದುಂಟು" ಎಂದಿದ್ದರು. ಅವರಿದ್ದ ಮನೆಯಲ್ಲಿ ಅತಿಥಿಗಳು ಒರಗಿ ಕುಳಿತದ್ದುಂಟೇ?

೧೯೯೦ರಲ್ಲಿ ಚಿಕಿತ್ಸಾಲಯ ಹೊಸ ನಿಯಮ ತಂದಿತು. ರೋಗಿಯನ್ನು ಮುಟ್ಟಬಯಸುವ ಸಹಾಯಕರು ತಮ್ಮ ಸಾಮರ್ಥ್ಯವನ್ನು ಬರೆದು ಕೊಟ್ಟು, ಆಗಸ್ಟಿನಲ್ಲಿ ದೊಡ್ಡ ಡಾಕ್ಟರಮ್ಮನ ಮುಂದೆ ಪರೀಕ್ಷೆಗೆ ನಿಲ್ಲಬೇಕು. ಇಲ್ಲವಾದರೆ ಜೀವನವಿಡೀ ಬಟ್ಟೆ ಮಡಚುವುದೇ ಗತಿ. ಅಮ್ಮನೊಡನೆ ಕುವೈತಿನಲ್ಲೇ ಇದ್ದ ಪದವೀಧರನಾದ ನಾನು ಮಾವನ ಇಪ್ಪತ್ತೇಳು ಸಾಮರ್ಥ್ಯಗಳನ್ನು ಟೈಪ್ ಮಾಡಿಕೊಟ್ಟೆ.

ಮಾವ ಓದಿಸಿ ಕೇಳಿದರು. "ನನಗೆ ಇಷ್ಟೆಲ್ಲ ಬರ್ತದೆ ಅಂತ ನನಗೇ ಗೊತ್ತಿರ್ಲಿಲ್ಲ ಮಾರಾಯಾ. ಬಾರದ್ದರ ಪಟ್ಟಿ ಎಲ್ಲುಂಟು?"

ಅಂಥದ್ದನ್ನು ಯಾರೂ ಸಲ್ಲಿಸುವುದಿಲ್ಲವೆಂದು ನಾನು ವಿನಯದಿಂದ ತಿಳಿಸಿದೆ. ಅವರು ಹಾಳೆಯನ್ನು ಮಗುಚಿ ಸ್ವಹಸ್ತದಿಂದ ಬರೆದರು: ಬಿದ್ದವರನ್ನು ಎಕ್ಸ್-ರೇ ಇಲ್ಲದೆ ಮುಟ್ಟೆನು. ಪಾದ ಮರಗಟ್ಟಿದವರನ್ನು ಮುಟ್ಟಲೇ ಮುಟ್ಟೆನು.

ಆಗಸ್ಟಿನಲ್ಲಿ ಬಂದದ್ದು ಪರೀಕ್ಷೆಯಲ್ಲ, ಇರಾಕಿನ ಸೈನ್ಯ. ಹಾಳೆಯನ್ನು ಇಕಾಮಾ ಎಂಬ ವಾಸದ ಪರವಾನಗಿಯೊಡನೆ ಜೇಬಿನಲ್ಲಿಟ್ಟುಕೊಂಡೇ ಮಾವ ನಮ್ಮೊಡನೆ ಹೊರಟರು. ದಿನಗಟ್ಟಲೆ ಬಸ್ಸಿನಲ್ಲಿ ಕುಲುಕಿ ಜೋರ್ಡಾನಿನ ಶಿಬಿರ ತಲಪುವಷ್ಟರಲ್ಲಿ ಅಮ್ಮನ ಸೊಂಟ ಹಿಡಿದುಕೊಂಡಿತ್ತು.

"ಒಮ್ಮೆ ಒತ್ತು ತಮ್ಮಾ," ಎಂದು ಅಮ್ಮ ಅತ್ತರು. ಇಪ್ಪತ್ತೇಳು ಸಾಮರ್ಥ್ಯಗಳನ್ನು ನೆನಪಿಸಿ ನಾನೂ ಗೋಗರೆದೆ.

ಮಾವ ಅಮ್ಮನ ಅಂಗಾಲನ್ನು ಬೆರಳಿನಿಂದ ಗೀರಿದರು. ಗೀರಿದ್ದು ಅಮ್ಮನಿಗೆ ತಿಳಿಯಲೇ ಇಲ್ಲ; ಪಾದ ಮರಗಟ್ಟಿತ್ತು.

"ಇಲ್ಲ ಅಕ್ಕ. ಡಾಕ್ಟ್ರು ಬರ್ಲಿ."

ಹಾಗೆಂದವರೇ ತಮ್ಮ ಎರಡೂ ಕೈಗಳ ಮೇಲೆ ಕುಳಿತುಬಿಟ್ಟರು. ಅಕ್ಕ ನರಳಿದಾಗಲೆಲ್ಲ ಆ ಕೈಗಳು ತಾವಾಗಿಯೇ ಏಳುತ್ತಿದ್ದವು. ನಾನು ಓಡಿ ಶಿಬಿರದ ವೈದ್ಯರನ್ನು ಕರೆತಂದೆ. ಅವರು ಪರೀಕ್ಷಿಸಿ, ಒತ್ತಿದ್ದರೆ ಕಾಲು ಉಳಿಯುತ್ತಿರಲಿಲ್ಲವೇನೋ ಎಂದರು. ಅಮ್ಮನಿಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು.

೧೯೯೧ರ ಕೊನೆಗೆ ನಾವು ಕುವೈತಿಗೆ ಮರಳಿದಾಗ ಡಾಕ್ಟರಮ್ಮ ಹಾಳೆಯ ಹಿಂಬದಿಯನ್ನಷ್ಟೇ ಓದಿ, ಇದನ್ನು ಎಂದಾದರೂ ಪಾಲಿಸಿದ್ದೀರಾ ಎಂದು ಕೇಳಿದರಂತೆ. ಮಾವ ತಮ್ಮ ಕೈಗಳನ್ನು ನೋಡಿಕೊಂಡರಂತೆ. ಜೊತೆಗೆ ಹೋಗಿದ್ದ ಅಮ್ಮನೇ ಎದ್ದು, ಕೋಣೆಯ ಉದ್ದಕ್ಕೂ ನಡೆದು ತೋರಿಸಿದರಂತೆ.

ಮಾವ ಈಗ ಬಟ್ಟೆ ಮಡಚುವುದಿಲ್ಲ, ರೋಗಿಗಳನ್ನು ನೋಡುತ್ತಾರೆ. ಅಮ್ಮ ಕೋಲಿಲ್ಲದೆ ನಡೆಯುತ್ತಾರೆ. ನಾನು ಬರೆಯುವ ಅರ್ಜಿಗಳಲ್ಲಿ ನನಗೆ ಬಾರದ್ದಕ್ಕೂ ಒಂದು ಸಾಲು ಇರುತ್ತದೆ.